ಗಂಜಿ ಬಿಡುವ ಮೊದಲು: ತಲೆಪೆಟ್ಟಾದವರಿಗೆ ಕೀಟೋ ಪಥ್ಯ

ಅಡಿಕೆ ಕೊಯ್ಯುವಾಗ ಮರದಿಂದ ಬಿದ್ದ ನಮ್ಮ ಭಾವ ಮಂಗಳೂರಿನ ಆಸ್ಪತ್ರೆಯಿಂದ ಬದಿಯಡ್ಕಕ್ಕೆ ಮರಳಿದಾಗ, ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ಅನ್ನ ಬಿಡಿಸಿ, ಕೀಟೋ ಮಾಡಿಸಿ."

ಮಾತಿನಲ್ಲಿ ಹುರುಳಿಲ್ಲದಿಲ್ಲ. ಮೆದುಳಿನ ಮುಖ್ಯ ಇಂಧನ ಗ್ಲೂಕೋಸ್. ಪೆಟ್ಟಾದ ಮೇಲೆ ಅದನ್ನು ಬಳಸಿಕೊಳ್ಳುವ ಶಕ್ತಿ ಕೆಲಕಾಲ ಕುಗ್ಗುತ್ತದೆ. ಕೀಟೋ ಪಥ್ಯವೆಂದರೆ ಪಿಷ್ಟ (ಕಾರ್ಬೋಹೈಡ್ರೇಟ್) ತೀರಾ ಇಳಿಸಿ ಕೊಬ್ಬು ಏರಿಸುವುದು. ಆಗ ಲಿವರ್ ಕೊಬ್ಬಿನಿಂದ ಕೀಟೋನ್ ಎಂಬ ಇಂಧನ ತಯಾರಿಸುತ್ತದೆ, ಮೆದುಳು ಅದರಿಂದಲೂ ಕೆಲಸ ಸಾಗಿಸುತ್ತದೆ. ಅಪಸ್ಮಾರಕ್ಕೆ (ಫಿಟ್ಸ್ ಕಾಯಿಲೆಗೆ) ಈ ಪಥ್ಯ 1921ರಿಂದ ಬಳಕೆಯಲ್ಲಿದೆ. ತಲೆಪೆಟ್ಟಿಗೆ ಮಾತ್ರ ಪುರಾವೆ ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳದ್ದು, ಮನುಷ್ಯರ ಮೇಲೆ ನಡೆದದ್ದು ಸಣ್ಣ ಅಧ್ಯಯನಗಳು. ಫಿಸಿಯೋಥೆರಪಿ, ಮದ್ದು ಬಿಟ್ಟು ಇದನ್ನು ಹಿಡಿಯಬೇಡಿ.

ಮೊದಲು ನರರೋಗ ವೈದ್ಯರ ಬಳಿ ಹೋಗಿ, ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಒಯ್ಯಿರಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. 'ಗ್ಲಿಫ್ಲೋಜಿನ್' ಎಂದು ಹೆಸರು ಮುಗಿಯುವ ಸಕ್ಕರೆ ಕಾಯಿಲೆ ಮಾತ್ರೆಗಳ ಜೊತೆ ಈ ಪಥ್ಯ ಸೇರಿದರೆ ರಕ್ತದಲ್ಲಿ ಆಮ್ಲ ಏರುವ ಭಯವಿದೆ. ಫಿಟ್ಸ್‌ಗೆ ಕೊಡುವ ಟೋಪಿರಾಮೇಟ್ ಇದ್ದರೆ ಕಿಡ್ನಿ ಕಲ್ಲಿನ ಚಿಂತೆ. ಲಿವರ್, ಕಿಡ್ನಿ, ಕೊಲೆಸ್ಟರಾಲ್ ಪರೀಕ್ಷೆ ಮುಗಿಯದೆ ಶುರು ಮಾಡಲೇಬೇಡಿ. ನುಂಗಲು ಕಷ್ಟವಿದ್ದರೆ ಆಹಾರ ಎಷ್ಟು ಮೆತ್ತಗಿರಬೇಕೆಂದೂ ಕೇಳಿ.

ಮುಂದೆ ಮೂರು ದಿನ ಈಗಿನ ಊಟವನ್ನೇ ಬರೆದಿಡಿ. ಭಾವ ಬೆಳಗ್ಗೆ ಉಣ್ಣುತ್ತಿದ್ದ ಕುಚ್ಚಲಕ್ಕಿ ಗಂಜಿಯ ತಿಳಿ ಬಸಿದು ಅಕ್ಕ ತಕ್ಕಡಿಯಲ್ಲಿಟ್ಟಳು: ಅನ್ನ 200 ಗ್ರಾಂ. ಅಂದರೆ ಪಿಷ್ಟ 50 ಗ್ರಾಂಗೂ ಮೇಲೆ! ಸ್ವಲ್ಪ ಸಡಿಲವಾದ ಕೀಟೋ ಪಥ್ಯದಲ್ಲೂ ಇಡೀ ದಿನಕ್ಕೆ ಸಿಗುವುದು ಸುಮಾರು 20 ಗ್ರಾಂ. ಅವಳು ಬಹಳ ಹೊತ್ತು ಆ ಬಟ್ಟಲನ್ನೇ ನೋಡುತ್ತ ನಿಂತಳು.

ಹಾಗಾಗಿ ನಿಧಾನಕ್ಕೆ ಇಳಿಸಿ, ರಾತ್ರಿ ಊಟದಿಂದ ತೊಡಗಿ. ನಮ್ಮ ಕರಾವಳಿಯಲ್ಲಿ ಇದಕ್ಕೆ ಪರದಾಟವಿಲ್ಲ. ಬಂಗುಡೆ, ಬೂತಾಯಿಯನ್ನು ಅಕ್ಕಿಹಿಟ್ಟು, ರವೆ ಹಚ್ಚದೆ ತೆಂಗಿನೆಣ್ಣೆಯಲ್ಲಿ ಕಾಯಿಸಿ. ಮೀನು ತಿನ್ನದ ಮನೆಯಲ್ಲಿ ಪನೀರ್, ತುಪ್ಪ, ಹರಿವೆ ಪಲ್ಯ, ಮುಳ್ಳುಸೌತೆ, ಒಂದೆಲಗದ ತಂಬುಳಿ. ನೇಂದ್ರ ಬಾಳೆ, ಮರಗೆಣಸು, ಹಲಸು, ಬೆಲ್ಲ ಬೇಡ. ತಂಬುಳಿಯ ಮಜ್ಜಿಗೆಯೂ ಲೆಕ್ಕಕ್ಕೆ ಬರಲಿ, ಕೆಮ್ಮಿನ ಸಿರಪ್‌ನ ಸಕ್ಕರೆಯೂ ಬರಲಿ. ತೆಂಗಿನೆಣ್ಣೆಯನ್ನು ಚಮಚಗಟ್ಟಲೆ ಕುಡಿಸುವವರಿದ್ದಾರೆ, ಅದು ಹೊಟ್ಟೆ ಕೆಡಿಸುತ್ತದೆ.

ಮೊದಲ ವಾರ ತಲೆನೋವು, ಸುಸ್ತು ಬರಬಹುದು. ನೀರು, ಉಪ್ಪು ಎಷ್ಟೆಂದು ವೈದ್ಯರನ್ನು ಮುಂಚಿತವಾಗಿ ಕೇಳಿಡಿ. ಕಷ್ಟವೆಂದರೆ, ತಲೆಪೆಟ್ಟಿನ ತೊಂದರೆಯೂ ಹೀಗೇ ಕಾಣಿಸುತ್ತದೆ. ತಲೆನೋವು ಏರುತ್ತಿದ್ದರೆ, ವಾಂತಿ, ತೂಕಡಿಕೆ, ಗೊಂದಲ ಅಥವಾ ಫಿಟ್ಸ್ ಬಂದರೆ ಪಥ್ಯದ ಮೇಲೆ ಹಾಕಿ ಕೂರದೆ ತಕ್ಷಣ ಆಸ್ಪತ್ರೆಗೆ ಓಡಿ.

ಪಥ್ಯ ನಿಲ್ಲಿಸುವಾಗಲೂ ವೈದ್ಯರಿಗೆ ತಿಳಿಸಿಯೇ ನಿಲ್ಲಿಸಿ. ಫಿಟ್ಸ್ ಇರುವವರು ಒಮ್ಮೆಗೇ ಗಂಜಿಗೆ ಮರಳಿದರೆ ಅದು ಮತ್ತೆ ಕಾಣಿಸಿಕೊಳ್ಳಬಹುದು. ಮೊದಲ ದಿನ ಎರಡು ಚಮಚ ಅನ್ನ ಸಾಕು.