ಕೀವು ತುಂಬಿದ ಹಲ್ಲಿಗೆ ಸೂಜಿ ಯಾಕೆ ಹತ್ತಲಿಲ್ಲ

ಗದಗಿನಲ್ಲಿ ಕ್ಲಿನಿಕ್ ತೆಗೆದ ಹೊಸದು. ರೋಣದ ಕಡೆಯ ಅಜ್ಜ ಒಬ್ಬರು ಕೆಳಗಿನ ದವಡೆ ಹಲ್ಲು ಕೀಳಿಸೋಕೆ ಬಂದರು, ಕೆನ್ನೆ ಬಾತುಕೊಂಡಿತ್ತು. ನಾನು ಬಾವಿನ ಪಕ್ಕದಲ್ಲೇ ಮರಗಟ್ಟಿಸುವ ಔಷಧ ಲಿಗ್ನೋಕೇನ್ ಚುಚ್ಚಿದೆ. ಐದು ನಿಮಿಷ ಬಿಟ್ಟು ಹಲ್ಲು ಮುಟ್ಟಿದರೆ ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟರು. ಇನ್ನೊಂದು ಸೂಜಿ ಕೊಟ್ಟೆ. ಅದೂ ಅಷ್ಟೇ.

"ಔಷಧ ಹಳೇದೈತೇನ್ರೀ ಡಾಕ್ಟ್ರ?"

ಔಷಧ ಸರಿಯಾಗೇ ಇತ್ತು. ಚುಚ್ಚಿದ ಜಾಗ ತಪ್ಪಿತ್ತು.

ನರದಲ್ಲಿ ನೋವು ಹರಿಯೋದು ಸರಪಟಾಕಿ ಸಿಡಿದ ಹಾಗೆ. ಸುಮ್ನಿರುವಾಗ ನರದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಸಾಕಷ್ಟು ಕೆದಕಿದರೆ ನರದ ಪೊರೆಯಲ್ಲಿರುವ ಸೋಡಿಯಂ ಬಾಗಿಲು ತೆರೆಯುತ್ತೆ, ಸೋಡಿಯಂ ಒಳಗೆ ನುಗ್ಗಿ ವೋಲ್ಟೇಜ್ ಸೊನ್ನೆ ದಾಟಿ ಮೇಲೇರುತ್ತೆ, ಆಮೇಲೆ ಆ ಬಾಗಿಲು ತಾನೇ ಮುಚ್ಚಿ ಪೊಟ್ಯಾಸಿಯಂ ಹೊರಗೆ ಹೋಗಿ ಮತ್ತೆ ಮೊದಲಿನಂತೆ. ಇಷ್ಟೆಲ್ಲ ಒಂದೆರಡು ಮಿಲಿಸೆಕೆಂಡಿನ ಆಟ. ಅಷ್ಟರಲ್ಲಿ ಪಕ್ಕದ ಪಟಾಕಿಗೆ ಕಿಡಿ ಹತ್ತಿರುತ್ತೆ. (ಪಟಾಕಿ ಒಮ್ಮೆ ಸುಟ್ಟರೆ ಮುಗೀತು, ನರ ಮಾತ್ರ ಮತ್ತೆ ಸಜ್ಜಾಗುತ್ತೆ.)

ಲಿಗ್ನೋಕೇನ್ ಈ ಸೋಡಿಯಂ ಬಾಗಿಲಿಗೆ ಅಗಳಿ ಹಾಕುತ್ತೆ, ಅದೂ ಒಳಗಿನಿಂದ. ಒಳಗೆ ಹೋಗಬೇಕಂದ್ರೆ ನರದ ಕೊಬ್ಬಿನ ಪೊರೆ ದಾಟಬೇಕು, ದಾಟೋದು ಚಾರ್ಜ್ ಇಲ್ಲದ ಕಣ ಮಾತ್ರ. ಆರೋಗ್ಯವಾಗಿರುವ ಜಾಗದ ಪಿಎಚ್ (ಹುಳಿ ಅಳೆಯುವ ಲೆಕ್ಕ, ಇಳಿದಷ್ಟೂ ಹುಳಿ ಜಾಸ್ತಿ) 7.4, ಅಲ್ಲಿ ನೂರಕ್ಕೆ ಸುಮಾರು 24 ಕಣ ಹಾಗಿರುತ್ತವೆ. ಕೀವಿನ ಜಾಗ ಹುಳಿ. ಪಿಎಚ್ 6.4ಕ್ಕೆ ಇಳಿದರೆ ಬರೀ 3. ಉಳಿದವು ಹೊರಗೇ ನಿಂತಿರುತ್ತವೆ, ಎಷ್ಟು ಸುರಿದರೂ ಅಷ್ಟೇ ಅಲ್ವಾ?

ಹಾಗಾಗಿ ಬಾವು ಬಿಟ್ಟು ಹಿಂದೆ ಹೋದೆ, ನರ ದವಡೆ ಎಲುಬಿನೊಳಗೆ ಹೊಕ್ಕುವ ಕಡೆ. 2% ಲಿಗ್ನೋಕೇನ್, ಜೊತೆಗೆ ರಕ್ತನಾಳ ಬಿಗಿ ಮಾಡಿ ಔಷಧವನ್ನು ಅಲ್ಲೇ ಹಿಡಿದಿಡುವ 1:80,000 ಅಡ್ರಿನಲಿನ್. ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರ್ತಿಲ್ಲ ಅಂತ ನೋಡಿಕೊಂಡು ನಿಧಾನ ಬಿಟ್ಟೆ. ಒಂದೆರಡು ಪಟಾಕಿ ಒದ್ದೆಯಾದರೆ ಕಿಡಿ ಹಾರಿ ದಾಟಿಬಿಡುತ್ತೆ, ನರದಲ್ಲೂ ಸಾಲಾಗಿ ಮೂರು ಗಂಟುಗಳಾದರೂ (ನರದ ಹೊದಿಕೆಯಲ್ಲಿ ಅಲ್ಲಲ್ಲಿ ಬಿಟ್ಟ, ಸೋಡಿಯಂ ಬಾಗಿಲು ತುಂಬಿರುವ ಜಾಗಗಳು) ನೆನೆಯಬೇಕು. ಅದಕ್ಕೇ ಅವಸರ ಮಾಡಲಿಲ್ಲ.

"ತುಟಿ ದಪ್ಪ ಆದಂಗಾತ್ರಿ," ಅಂದರು ಅಜ್ಜ. ನನಗೆ ಬೇಕಿದ್ದ ಮಾತು ಅದೇ, ಆ ತುಟಿಗೂ ಹಲ್ಲಿಗೂ ಹೋಗೋದು ಅದೇ ನರ. ಇಕ್ಕಳ ಒತ್ತಿದ್ದು ಅವರಿಗೆ ಗೊತ್ತಾಯ್ತು, ನೋವಾಗಲಿಲ್ಲ.

ಪ್ರತಿ ಸಲ ಹೀಗೇ ಆಗುತ್ತೆ ಅಂತಲ್ಲ. ಹುಳಿಯೊಂದೇ ಕಾರಣವೂ ಅಲ್ಲ, ಕೆರಳಿದ ನರ ಹೀಗೆ ಹಿಂದೆ ಹೋಗಿ ಬ್ಲಾಕ್ (ನರವನ್ನೇ ತಡೆಯುವ ಸೂಜಿ) ಕೊಟ್ಟರೂ ಕೆಲವೊಮ್ಮೆ ಮಣಿಯಲ್ಲ.

ಹೊರಡುವಾಗ ಅಜ್ಜ ಕೇಳಿದ್ದು ಒಂದೇ, ಬಸ್ ಸ್ಟ್ಯಾಂಡಿನಲ್ಲಿ ಗಿರ್ಮಿಟ್ ತಿನ್ನಬಹುದಾ ಅಂತ. ತುಟಿ ಮತ್ತೆ ನಿಮ್ಮದು ಅನಿಸೋತನಕ ಬ್ಯಾಡ್ರಿ ಅಜ್ಜಾರ, ಗಿರ್ಮಿಟ್ ಜೊತೆ ತುಟೀನೂ ಕಚ್ಕೋತೀರಿ ಅಂದೆ.