ಸಿಇಟಿ ಮುಗಿದ ಮೇಲೆ: ಕೀ ಆನ್ಸರ್ ತಾಳೆ ನೋಡಿ ರ‍್ಯಾಂಕ್ ಅಂದಾಜು ಮಾಡುವುದು ಹೇಗೆ?

ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಕೊನೆಯ ಬೆಲ್ ಆದ ಮೇಲೆ ಕೊಠಡಿ ಮೇಲ್ವಿಚಾರಕರು ಉತ್ತರದ ವೃತ್ತ ತುಂಬುವ ಓಎಂಆರ್‌ನ ಮೇಲಿನ ಹಾಳೆ ಬೇರ್ಪಡಿಸಿಕೊಂಡು ಕೆಳಗಿನ ನಕಲು ಪ್ರತಿಯನ್ನು ನಿಮ್ಮ ಕೈಗೆ ಕೊಡುತ್ತಾರೆ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರೆ ಬೆವರಿಗೆ ಗುರುತುಗಳು ಮಾಸುತ್ತವೆ. ಪ್ಲಾಸ್ಟಿಕ್ ಫೋಲ್ಡರ್ ಒಯ್ಯಿರಿ, ಹೊರಗೆ ಬಂದ ಕೂಡಲೇ ಮೊಬೈಲಿನಲ್ಲಿ ಎರಡು ಫೋಟೋ ತೆಗೆದಿಡಿ. ಒಂದರಲ್ಲಿ ಪೂರ್ತಿ ಹಾಳೆ ಇರಲಿ, ಇನ್ನೊಂದರಲ್ಲಿ ವರ್ಷನ್ ಕೋಡ್ (ನಿಮಗೆ ಸಿಕ್ಕ ಪ್ರಶ್ನೆಪತ್ರಿಕೆಯ ಸರಣಿ) ಸ್ಪಷ್ಟವಾಗಿ ಕಾಣಲಿ. ಪ್ರತಿಯನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು ಎಂಬ ಸೂಚನೆ ಪ್ರಶ್ನೆಪತ್ರಿಕೆಯ ಮೇಲೆಯೇ ಇರುತ್ತದೆ.

ಬೆಳಗಿನ ಪೇಪರ್ 10.30ರಿಂದ 11.50, ಮಧ್ಯಾಹ್ನದ್ದು 2.30ರಿಂದ 3.50. ನಡುವೆ ಸಿಗುವ ಎರಡೂ ಮುಕ್ಕಾಲು ಗಂಟೆಯಷ್ಟು ಹೊತ್ತಿನಲ್ಲಿ ಉತ್ತರ ಹೋಲಿಸಬೇಡಿ. ಆ ಪೇಪರಿನ ಒಂದು ಮಾರ್ಕೂ ಇನ್ನು ಬದಲಾಗುವುದಿಲ್ಲ, ಮಧ್ಯಾಹ್ನದ 60 ಮಾರ್ಕ್ಸ್ ಮಾತ್ರ ಇನ್ನೂ ನಿಮ್ಮ ಕೈಯಲ್ಲಿದೆ. ಎಲ್ಲ ಪೇಪರ್ ಮುಗಿದ ಸಂಜೆಯೇ ಲೆಕ್ಕಕ್ಕೆ ಸರಿಯಾದ ಹೊತ್ತು.

ಕೀ ನೋಡುವ ಮೊದಲೇ ಮೂರು ಗುಂಪು

ಬಹಳಷ್ಟು ಮಕ್ಕಳು ತಪ್ಪುವುದು ಇಲ್ಲಿ. ಕೋಚಿಂಗ್ ಸೆಂಟರಿನ ಕೀ ವಾಟ್ಸಾಪಿಗೆ ಬಂದ ತಕ್ಷಣ ತಾಳೆ ನೋಡಲು ಕೂರುತ್ತಾರೆ. ಸರಿ ಉತ್ತರ ಕಣ್ಣಿಗೆ ಬಿದ್ದ ಮೇಲೆ "ನಾನೂ ಇದನ್ನೇ ಹಾಕಿದ್ದೆ" ಎಂದು ಮನಸ್ಸು ಒಪ್ಪಿಸಿಬಿಡುತ್ತದೆ. ಹಾಗಾಗಿ ಕೀ ತೆರೆಯುವ ಮುನ್ನ ಪ್ರಶ್ನೆಪತ್ರಿಕೆ ತೆಗೆದುಕೊಂಡು ಪ್ರತಿ ಪ್ರಶ್ನೆಯ ಪಕ್ಕ ಒಂದು ಅಕ್ಷರ ಬರೆಯಿರಿ. ಮಾಡಿ ಬಂದ ಉತ್ತರಕ್ಕೆ "ಖ", ಎರಡು ಆಯ್ಕೆಗಳ ನಡುವೆ ತೂಗಿ ಹಾಕಿದ್ದಕ್ಕೆ "ಅ", ಕಣ್ಣುಮುಚ್ಚಿ ಗೆಸ್ ಹೊಡೆದದ್ದಕ್ಕೆ "ಗೆ". ಆಮೇಲೆ ಓಎಂಆರ್ ಪ್ರತಿಯಲ್ಲಿ ನಿಜಕ್ಕೂ ಯಾವ ವೃತ್ತ ತುಂಬಿದ್ದೀರಿ ಎಂದು ನೋಡಿ ಅದನ್ನೂ ಬರೆಯಿರಿ. ಒಂದು ಪ್ರಶ್ನೆ ಬಿಟ್ಟು ಮುಂದಿನ ಸಾಲಿಗೆ ಜಾರಿದ್ದರೆ, ಒಂದೇ ಪ್ರಶ್ನೆಗೆ ಎರಡು ವೃತ್ತ ತುಂಬಿದ್ದರೆ ಈಗಲೇ ಗೊತ್ತಾಗುತ್ತದೆ. ಎರಡು ತುಂಬಿದ್ದಕ್ಕೆ ಸೊನ್ನೆ ಹಾಕಿಕೊಳ್ಳಿ.

ಸಿಇಟಿಯಲ್ಲಿ ನೆಗೆಟಿವ್ ಮಾರ್ಕ್ಸ್ ಇಲ್ಲ, ಹಾಗಾಗಿ ಲೆಕ್ಕ ಸುಲಭ. ಇಂಜಿನಿಯರಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 180 ಪ್ರಶ್ನೆ. ಖಚಿತವಾದವು 100, ಅನುಮಾನದವು 40, ಗೆಸ್ 40 ಎಂದಿಟ್ಟುಕೊಳ್ಳಿ. ಖಚಿತ ಎಂದುಕೊಂಡದ್ದೆಲ್ಲ ಸರಿ ಇರುವುದಿಲ್ಲ. ಎಷ್ಟು ತಪ್ಪುತ್ತದೆ ಎನ್ನಲು ನಿಮ್ಮದೇ ಹಳೆಯ ಮಾಕ್ ಟೆಸ್ಟ್ ತೆಗೆಯಿರಿ: ಖಚಿತ ಎಂದ 100ರಲ್ಲಿ ಆರು ತಪ್ಪಿದ್ದರೆ ಇಲ್ಲಿಯೂ 94 ಹಿಡಿಯಿರಿ. ಎರಡರಲ್ಲಿ ಒಂದು ಎಂಬ 40ಕ್ಕೆ ಅರ್ಧ, ಅಂದರೆ 20. ನಾಲ್ಕರಲ್ಲಿ ಒಂದು ಎಂಬ 40ಕ್ಕೆ 10. ಒಟ್ಟು 124. ಅದೃಷ್ಟದ ಏರಿಳಿತ ಸೇರಿಸಿದರೆ ಸುಮಾರು ಐದರಲ್ಲಿ ನಾಲ್ಕು ಸಲ ಅಂಕ 118ರಿಂದ 130ರ ಒಳಗೆ ಬೀಳುತ್ತದೆ. ಮನೆಯಲ್ಲಿ ಕೇಳಿದಾಗ ಹೇಳಬೇಕಾದದ್ದು ಈ ಎರಡು ಸಂಖ್ಯೆ. 140 ಎಂದು ಹೇಳಿ ಆಮೇಲೆ 122 ಬಂದರೆ ಮಗುವಿಗೂ ತಂದೆತಾಯಿಗೂ ಆಗುವ ಸಂಕಟ ತಪ್ಪಿಸಬಹುದಾದದ್ದು.

ಗೆಳೆಯರ ಜೊತೆ ಹೋಲಿಸುವಾಗ

ನಾಲ್ಕೈದು ಜನ ಸಾಕು. ವರ್ಷನ್ ಕೋಡ್ ಬೇರೆಯಾದರೆ ಪ್ರಶ್ನೆಯ ಸಂಖ್ಯೆ ಬೇರೆ, ಆಯ್ಕೆಗಳ ಕ್ರಮವೂ ಬೇರೆ ಇರಬಹುದು. "23ಕ್ಕೆ ಬಿ" ಎಂದು ಹೇಳಿಕೊಂಡರೆ ಪೂರ್ತಿ ಗೊಂದಲ. ಪ್ರಶ್ನೆಯ ಮೊದಲ ನಾಲ್ಕು ಪದ ಓದಿ, ಉತ್ತರವನ್ನು ಬೆಲೆಯಾಗಿ ಹೇಳಿ: "ಲೆನ್ಸ್ ನೀರಿನಲ್ಲಿ ಮುಳುಗಿಸಿದ್ದು, 80 ಸೆಂಟಿಮೀಟರ್" ಎಂಬಂತೆ.

ಮೂವರಿಗೆ ಒಂದೇ ಉತ್ತರ ಬಂದಿತು ಎಂಬುದು ಸಾಕ್ಷ್ಯವಲ್ಲ. ತಪ್ಪು ಆಯ್ಕೆಗಳನ್ನು ಬರೆಯುವವರು ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪಿನಿಂದಲೇ ಹುಟ್ಟಿಸುತ್ತಾರೆ: ಸೆಂಟಿಮೀಟರನ್ನು ಮೀಟರಿಗೆ ಬದಲಿಸದೆ ಬಿಟ್ಟದ್ದು, ಚಿಹ್ನೆ ಮರೆತದ್ದು, ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದ್ದು. ಹಾಗಾಗಿ ಮೂವರೂ ಒಂದೇ ಹಳ್ಳಕ್ಕೆ ಬೀಳಬಹುದು. ಭಿನ್ನ ಉತ್ತರ ಬಂದ ಪ್ರಶ್ನೆಯನ್ನು ಒಬ್ಬರು ಹಾಳೆಯ ಮೇಲೆ ಪೂರ್ತಿ ಮಾಡಿ ತೋರಿಸಲಿ, ಉಳಿದವರು ಪುಸ್ತಕದ ಪುಟ ತೋರಿಸಲಿ. ಎರಡೂ ಆಗದಿದ್ದರೆ "ಅ" ಗುಂಪಿನಲ್ಲೇ ಬಿಡಿ.

ಪುಸ್ತಕವೂ ಈ ಸಾಲಿನದ್ದೇ ಇರಬೇಕು. 2024ರ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಪರಮಾಣುವಿನ ಬಗ್ಗೆ ಕೇಳಿದ ಭೌತಶಾಸ್ತ್ರದ ಒಂದು ಪ್ರಶ್ನೆಗೆ ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಂತೆ ಒಂದು ಉತ್ತರ, ಹೊಸದರಂತೆ ಇನ್ನೊಂದು ಬರುತ್ತಿತ್ತು. ಮೊದಲು ಎರಡಕ್ಕೂ ಅಂಕ ಕೊಡಲಾಯಿತು. ಸುಪ್ರೀಂ ಕೋರ್ಟ್ ಕೇಳಿದ ಮೇಲೆ ದೆಹಲಿ ಐಐಟಿಯ ತಜ್ಞರು ಒಂದೇ ಉತ್ತರ ಸರಿ ಎಂದರು, ಫಲಿತಾಂಶ ಪರಿಷ್ಕರಣೆಯಾಗಿ 720ಕ್ಕೆ 720 ಪಡೆದವರು 61ರಿಂದ 17ಕ್ಕೆ ಇಳಿದರು. ಅಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಳೆತ, ಹಾಗಾಗಿ ಒಂದೇ ಪ್ರಶ್ನೆ ತಿರುಗಿದರೆ ಐದು ಅಂಕದ ವ್ಯತ್ಯಾಸ. ವೈದ್ಯಕೀಯ ಸೀಟಿಗೆ ನೀಟ್ ಅಂಕವೇ ಲೆಕ್ಕ, ಸಿಇಟಿ ಜೀವಶಾಸ್ತ್ರದ ಅಂಕ ಅದಕ್ಕೆ ಬರುವುದಿಲ್ಲ.

ಕೋಚಿಂಗ್ ಕೀಗಳನ್ನು ಅವಸರದಲ್ಲಿ ಟೈಪ್ ಮಾಡಿರುತ್ತಾರೆ. ಎರಡು ಸಂಸ್ಥೆಗಳ ಕೀ ಇಟ್ಟುಕೊಂಡು, ಒಪ್ಪದ ಪ್ರಶ್ನೆಗಳನ್ನಷ್ಟೇ ಪಟ್ಟಿ ಮಾಡಿ ಪಿಯು ಉಪನ್ಯಾಸಕರಿಗೆ ತೋರಿಸಿ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ತಾತ್ಕಾಲಿಕ ಕೀ ಬಿಟ್ಟಾಗ ಆಕ್ಷೇಪಣೆಗೆ ಸಿಗುವ ಕಾಲಾವಕಾಶ ಕಡಿಮೆ. ವಿಷಯ, ವರ್ಷನ್ ಕೋಡ್, ಪ್ರಶ್ನೆ ಸಂಖ್ಯೆ, ಆಧಾರದ ಪುಟ ಎಲ್ಲ ಮೊದಲೇ ಸಿದ್ಧವಿದ್ದವರಷ್ಟೇ ಸರಿಯಾಗಿ ಸಲ್ಲಿಸುತ್ತಾರೆ. "ಈ ಉತ್ತರ ತಪ್ಪು" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ.

ಅಂಕದಿಂದ ರ‍್ಯಾಂಕಿಗೆ

"ಸಿಇಟಿಯಲ್ಲಿ 120 ಬಂದರೆ ಎಷ್ಟನೇ ರ‍್ಯಾಂಕ್?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ, ಏಕೆಂದರೆ ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ದ್ವಿತೀಯ ಪಿಯು ಅಂಕದ್ದು. ಪಿಯುನಲ್ಲಿ ಮೂರು ವಿಷಯಕ್ಕೆ 300ಕ್ಕೆ 276 ಬಂದಿದ್ದರೆ ಶೇ 92. ಸಿಇಟಿಯ 124 ಅಂದರೆ ಶೇ 68.89. ಎರಡನ್ನೂ ಕೂಡಿ ಅರ್ಧ ಮಾಡಿದರೆ 80.44. ಇದೇ ರೀತಿ 118ಕ್ಕೆ 78.78, 130ಕ್ಕೆ 82.11. ಪಿಯುನಲ್ಲಿ 240 ಬಂದ ಗೆಳತಿಗೆ ಸಿಇಟಿಯಲ್ಲಿ ಅದೇ 124 ಬಂದರೂ ಅವಳ ಸರಾಸರಿ 74.44. ಇಬ್ಬರ ರ‍್ಯಾಂಕ್ ಹತ್ತಿರ ಹತ್ತಿರವೂ ಇರುವುದಿಲ್ಲ.

ಈ ಸರಾಸರಿ ಹಿಡಿದು ನಿಮ್ಮ ಕಾಲೇಜಿನ ಹಿಂದಿನ ಎರಡು ವರ್ಷದ ಸೀನಿಯರ್‌ಗಳನ್ನು ಕೇಳಿ. ಪ್ರತಿಯೊಬ್ಬರ ಪಿಯು ಅಂಕ, ಸಿಇಟಿ ಅಂಕ, ರ‍್ಯಾಂಕ್ ಬರೆದು ಸರಾಸರಿಯ ಕ್ರಮದಲ್ಲಿ ಜೋಡಿಸಿ. ಹತ್ತು ಹದಿನೈದು ಜನರ ಪಟ್ಟಿ ಇಂಟರ್ನೆಟ್ಟಿನ ರ‍್ಯಾಂಕ್ ಪ್ರಿಡಿಕ್ಟರ್‌ಗಿಂತ ನಂಬಿಕಸ್ಥ, ಏಕೆಂದರೆ ಅಂಕ ಎಲ್ಲಿಂದ ಬಂದಿತು ಎಂಬುದು ನಿಮಗೆ ಗೊತ್ತು. 2021ರ ಪಟ್ಟಿ ಸಿಕ್ಕರೆ ಪಕ್ಕಕ್ಕಿಡಿ, ಆ ವರ್ಷ ಕೋವಿಡ್‌ನಿಂದ ಪಿಯು ಪರೀಕ್ಷೆ ರದ್ದಾಗಿ ಸಿಇಟಿ ಅಂಕದಿಂದಷ್ಟೇ ರ‍್ಯಾಂಕ್ ಕೊಟ್ಟರು. 2024ರದ್ದನ್ನೂ ಎಚ್ಚರದಿಂದ ನೋಡಿ: ಪಠ್ಯಕ್ರಮದ ಹೊರಗಿನವು ಎಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಗಿತ್ತು. ಮೇಲ್ತುದಿಯಲ್ಲಿ ಒಂದು ಶೇಕಡಾಂಶಕ್ಕೆ ರ‍್ಯಾಂಕ್ ಹೆಚ್ಚು ಸರಿಯುವುದಿಲ್ಲ, ಮಕ್ಕಳು ಒತ್ತೊತ್ತಾಗಿರುವ ನಡುಭಾಗದಲ್ಲಿ ಅದೇ ಒಂದು ಅಂಶಕ್ಕೆ ಸಾವಿರಾರು ಸ್ಥಾನ ಆಚೀಚೆಯಾಗುತ್ತದೆ.

ಕಟಾಫ್, ಅಂದರೆ ಹಿಂದೆ ಸೀಟು ಸಿಕ್ಕ ಕೊನೆಯ ಸ್ಥಾನ, ನೋಡುವಾಗ ಕಾಲೇಜು, ಬ್ರಾಂಚ್, ಸುತ್ತು, ವರ್ಗ ನಾಲ್ಕೂ ಹೊಂದಬೇಕು. ದಾವಣಗೆರೆಯ ಎರಡು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಯುಬಿಡಿಟಿಯ ಮೊದಲ ಸುತ್ತಿನ ಸಂಖ್ಯೆಯನ್ನು ಬಿಐಇಟಿಯ ಎರಡನೇ ಸುತ್ತಿನದ್ದರ ಜೊತೆ ಹೋಲಿಸಿ ನಿರ್ಧಾರ ಮಾಡಬೇಡಿ. ಹಿಂದುಳಿದ ವರ್ಗ 2ಎಯ 2ಎಜಿ, 2ಎಕೆ, 2ಎಆರ್ ಎಂಬ ಕೋಡ್‌ಗಳಲ್ಲಿ ಕೊನೆಯ ಅಕ್ಷರ ಕ್ರಮವಾಗಿ ಸಾಮಾನ್ಯ, ಕನ್ನಡ ಮಾಧ್ಯಮ, ಗ್ರಾಮೀಣ ಎಂಬುದನ್ನು ಸೂಚಿಸುತ್ತದೆ. ಜಗಳೂರು, ಚನ್ನಗಿರಿ, ಹೊಸದುರ್ಗ, ಮೊಳಕಾಲ್ಮುರು ಕಡೆಯ ಹಳ್ಳಿ ಶಾಲೆಗಳಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಓದಿದವರು ಸಾಮಾನ್ಯ ಕಟಾಫ್ ಮಾತ್ರ ನೋಡಿ "ಸಿಗುವುದಿಲ್ಲ" ಎಂದು ಕೈಬಿಡುವುದುಂಟು. ಹರಪನಹಳ್ಳಿಯಿಂದ ಬಂದು ದಾವಣಗೆರೆಯಲ್ಲಿ ಓದುವವರು 371(ಜೆ) ಪಟ್ಟಿಯನ್ನೂ ನೋಡಬೇಕು. ಆ ತಾಲ್ಲೂಕು ಮೊದಲು ದಾವಣಗೆರೆ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಗೆ ಸೇರಿ ಕಲ್ಯಾಣ ಕರ್ನಾಟಕದ ಮೀಸಲಾತಿ ವ್ಯಾಪ್ತಿಯಲ್ಲಿದೆ.

ಈ ಕೋಟಾಗಳು ಸಿಗುವುದು ದಾಖಲೆ ಇದ್ದರೆ ಮಾತ್ರ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಫಲಿತಾಂಶ ಬರುವ ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ ಇರಬಹುದು, ಮುಖ್ಯೋಪಾಧ್ಯಾಯರು ಊರಲ್ಲಿ ಇಲ್ಲದಿರಬಹುದು. ಹಾಗಾಗಿ ಅಂದಾಜು ಕೈಗೆ ಬಂದ ವಾರವೇ ಓದಿದ ಶಾಲೆಗೆ ಒಮ್ಮೆ ಹೋಗಿ ಬನ್ನಿ.