ಮನ್ಸಬ್‌ದಾರಿ ಪಾಠ ನಾನು ಮಾಡೋ ರೀತಿ: ನನ್ನ ಅನುಭವ

ಪಿಯುಸಿಗೆ ಹಿಸ್ಟರಿ ತಗೊಳ್ತೀನಿ. ಮೊಘಲರ ಪಾಠದಲ್ಲಿ ಯುದ್ಧಕ್ಕೆ ನಾನು ಜಾಸ್ತಿ ಟೈಮ್ ಕೊಡಲ್ಲ. 1526ರ ಪಾಣಿಪತ್, ಬಾಬರ್ ಗಾಡಿಗಳನ್ನ ಸಾಲಾಗಿ ಕಟ್ಟಿಸಿ ನಡುವೆ ಫಿರಂಗಿ ಇಡಿಸಿದ್ದು, ಅಷ್ಟು ಹೇಳಿ ಮುಂದಕ್ಕೆ ಹೋಗ್ತೀನಿ, ಯಾಕಂದ್ರೆ ಹಾಗೆ ಗೆದ್ದ ರಾಜ್ಯಾನ 1540ರಲ್ಲಿ ಶೇರ್ ಶಾ ಹುಮಾಯೂನನ ಕೈಯಿಂದ ಕಿತ್ಕೊಂಡೇಬಿಟ್ಟ. ಫಿರಂಗಿ ಇದ್ರೆ ಗೆಲ್ಲಬಹುದು, ಉಳಿಸ್ಕೊಳ್ಳೋಕೆ ಸೈನಿಕನಿಗೆ ಸಂಬಳ ಎಲ್ಲಿಂದ ಬರುತ್ತೆ ಅನ್ನೋದು ಗೊತ್ತಿರ್ಬೇಕು.

ಅದಕ್ಕೇ ಬೋರ್ಡ್ ಮೇಲೆ ಒಬ್ಬ ಮನ್ಸಬ್‌ದಾರನ, ಅಂದ್ರೆ ಬಾದಶಹನಿಂದ ಮನ್ಸಬ್ (ದರ್ಜೆ) ಪಡೆದ ಅಧಿಕಾರಿಯ, ಲೆಕ್ಕ ಬರೀತೀನಿ: ಜಾತ್ 3000, ಸವಾರ್ 2000. ಮೊದಲನೇದು ಅವನ ದರ್ಜೆ ಮತ್ತೆ ಸ್ವಂತ ಸಂಬಳ, ಎರಡನೇದು ಅವನು ಸಾಕ್ಬೇಕಾದ ಸವಾರರಿಗೆ. ಹಾಜರಿ ದಿನ ಯಾರದ್ದೋ ಕುದುರೆ ತಂದು ನಿಲ್ಲಿಸಿ ದುಡ್ಡು ಹೊಡೀಬಾರದು ಅಂತ ಅಕ್ಬರ್ ಕುದುರೆಗೆ ಬರೆ ಹಾಕಿಸಿದ, ಅದು ದಾಗ್, ಸವಾರನ ಮುಖಲಕ್ಷಣ ಬರೆಸಿಟ್ಟ, ಅದು ಚೆಹ್ರಾ. ಕಂದಾಯಕ್ಕೆ ಭೂಮಿ ಅಳೆಯೋದ್ರಲ್ಲೂ ಹಾಗೇ. ಸೆಣಬಿನ ಹಗ್ಗ ಒದ್ದೆಯಾದ್ರೆ ಕುಗ್ಗಿ ರೈತನ ಹೊಲ ಜಾಸ್ತಿ ಅಂತ ತೋರಿಸ್ತಿತ್ತು, ಅದನ್ನ ಬಿಟ್ಟು ಬಿದಿರಿನ ತುಂಡುಗಳಿಗೆ ಕಬ್ಬಿಣದ ಬಳೆ ಹಾಕಿ ಜೋಡಿಸಿದ ಅಳತೆ ತಂದ್ರು. ನನಗಂತೂ ಪಾಣಿಪತ್‌ಗಿಂತ ಈ ಬಿದಿರೇ ದೊಡ್ಡ ವಿಷ್ಯ ಅನ್ಸುತ್ತೆ.

ಆಮೇಲೆ ಚೀಟಿ ಹಂಚ್ತೀನಿ, ಒಂದೊಂದ್ರಲ್ಲಿ ಒಂದೊಂದು ಜಾಗೀರು, ಅಂದ್ರೆ ಸಂಬಳದ ಬದಲು ಕಂದಾಯ ವಸೂಲಿಗೆ ಕೊಟ್ಟ ಪ್ರದೇಶ, ಗುಜರಾತ್, ಬಂಗಾಳ, ಕಾಬೂಲ್ ಹೀಗೆ. ಸ್ವಲ್ಪ ಹೊತ್ತಾದ್ಮೇಲೆ ಎಲ್ಲಾ ಅದಲು ಬದಲು ಮಾಡ್ತೀನಿ. ನಮ್ಮ ತಹಶೀಲ್ದಾರರ ಟ್ರಾನ್ಸ್‌ಫರ್ ಇದ್ದಹಾಗೆ, ಒಂದೇ ಕಡೆ ಬೇರು ಬಿಟ್ಟು ಬಾದಶಹನಿಗೇ ತಿರುಗಿ ಬೀಳಬಾರದು, ಮಗನಿಗೂ ಅದು ಹಕ್ಕಾಗಿ ಹೋಗಲ್ಲ. ಒಂದು ಸಲ ಒಬ್ಬ ಹುಡುಗಿ ಕೇಳಿದ್ಲು, "ಸರ್, ನಾಳೆ ಬಿಟ್ಟೋಗೋ ಊರಲ್ಲಿ ನಾನ್ಯಾಕೆ ಕೆರೆ ಕಟ್ಟಿಸ್ಲಿ?" ತುಂಬಾ ಖುಷಿಯಾಯ್ತು, ಔರಂಗಜೇಬನ ಕಾಲದಲ್ಲಿ ಇಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯರ್ ಎತ್ತಿದ ಆಕ್ಷೇಪಣೇನೂ ಇಂಥದ್ದೇ.

ಕೊನೆಗೆ ಔರಂಗಜೇಬ ಗೆದ್ದುಕೊಂಡ ರಾಜ್ಯಗಳು, 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ. ಸೋತ ಕಡೆಯ ಸರದಾರರು ಅಂತ ಹಿಂದಿನ ಬೆಂಚಿನವರನ್ನ ಒಳಗೆ ಸೇರಿಸ್ಕೊಂಡು ಮನ್ಸಬ್ ಕೊಡ್ತೀನಿ, ಚೀಟಿ ಮಾತ್ರ ಜಾಸ್ತಿ ಮಾಡಲ್ಲ. ಹೊಸಬರಿಗೆ ದರ್ಜೆ ಇದೆ ಜಾಗೀರಿಲ್ಲ, ಹಳಬರು ಚೀಟಿ ಬಿಡಲ್ಲ, ಕ್ಲಾಸಲ್ಲಿ ನಿಜವಾಗ್ಲೂ ಜಗಳ ಶುರುವಾಗುತ್ತೆ. ಆಗ ಮ್ಯಾಪಲ್ಲಿ ನಮ್ಮ ಸಿರಾ ತೋರಿಸ್ತೀನಿ, ಅಲ್ಲೀವರೆಗೂ ಮೊಘಲರ ಸುಬಾ, ಅಂದ್ರೆ ಪ್ರಾಂತ್ಯ, ಬಂದಿತ್ತು, ಅದೇ ಹೊತ್ತಲ್ಲಿ ಸರದಾರರು ಜಾಗೀರಿಗಾಗಿ ಕಾಯ್ತಾ ಕೂತಿದ್ರು.